ಗುಡ್ಡ ಹತ್ತಿದ ಓಟಿಪಿ

ನಮ್ಮ ಆಫೀಸಿನ ಗುಟ್ಟಿನ ಸಂಖ್ಯೆ ದಿನಾ ಬೆಳಿಗ್ಗೆ ಎಂಟೂವರೆಗೆ ಇಡೀ ಕಾಫಿ ತೋಟಕ್ಕೆ ಕೇಳಿಸುತ್ತದೆ. ನೀರಿನ ಟ್ಯಾಂಕ್ ಇರುವ ದಿಬ್ಬದ ಮೇಲೆ ಪಿಯುಸಿ ಮುಗಿಸಿ ಮನೆಯಲ್ಲಿರುವ ಹುಡುಗನೊಬ್ಬ ರೈಟರ, ಅಂದರೆ ತೋಟದ ಗುಮಾಸ್ತರ, ಫೋನ್ ಹಿಡಿದು ನಿಲ್ಲುತ್ತಾನೆ. ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಕೆಳಗೆ, ಕಣದ ಪಕ್ಕದ ಕೋಣೆಯಲ್ಲಿ, ಕಂಪ್ಯೂಟರ್ ಮುಂದೆ ರೈಟರು. ಓಟಿಪಿ ಬಂದ ಕೂಡಲೇ ಹುಡುಗ ಕೂಗುತ್ತಾನೆ, "ನಾಲ್ಕೂ... ಏಳೂ... ಸೊನ್ನೇ..." ರೈಟರಿಗೆ ಕಿವಿ ಸ್ವಲ್ಪ ಮಂದ. "ಏಳೋ ಎಂಟೋ?" ಅಂತ ಕೂಗುತ್ತಾರೆ. ನಡುವೆ ಹಣ್ಣು ಕೊಯ್ಯುತ್ತಿರುವ ಹೆಂಗಸರು, "ಏಳಂತೆ ರೈಟ್ರೇ" ಅಂತ ತಿದ್ದಿ ಕಳಿಸುತ್ತಾರೆ.

ಇದರ ಹೆಸರು ಝೀರೋ ಟ್ರಸ್ಟ್, ಅಂದರೆ ಯಾರನ್ನೂ ನಂಬಬೇಡಿ, ಪ್ರತಿ ಸಲ ಪರೀಕ್ಷಿಸಿ ಅಂತ. ತಲೆಗೆ ಇಷ್ಟು ಅಂತ ತಿಂಗಳು ತಿಂಗಳು ಡಾಲರ್ ಲೆಕ್ಕದಲ್ಲಿ ಕಟ್ಟುತ್ತಿದ್ದೇವೆ.

ತೋಟ ಮೂಡಿಗೆರೆ ಕಡೆ, ಆಫೀಸು ಚಿಕ್ಕಮಗಳೂರಲ್ಲಿ, ಕಂಪ್ಯೂಟರ್ ಮುಟ್ಟುವವರು ಒಟ್ಟು ಹದಿನಾಲ್ಕು ಜನ. ನಾನು ಲೆಕ್ಕ ಬರೆಯುವವನು. ಮೊದಲು ವಿಪಿಎನ್ ಇತ್ತು, ಅಂದರೆ ಹೊರಗಿನಿಂದ ಆಫೀಸಿನ ಕಂಪ್ಯೂಟರುಗಳನ್ನು ಸೇರುವ ಖಾಸಗಿ ದಾರಿ. ಅದು ಹಳೇ ತೊಟ್ಟಿಮನೆ ಇದ್ದ ಹಾಗೆ. ಹೆಬ್ಬಾಗಿಲು ದಾಟಿದರೆ ಅಡುಗೆಮನೆ, ಪಣತ, ಅಟ್ಟ ಎಲ್ಲ ನಿಮ್ಮದೇ. ಕಳ್ಳನೂ ಹಾಗೇ ದಾಟಿದರೆ? ಅದಕ್ಕೇ ಈಗ ಕೋಣೆಗೊಂದು ಬೀಗ. ಅಡುಗೆಮನೆಗೆ ಬಿಟ್ಟರೂ ಉಪ್ಪಿನಕಾಯಿ ಜಾಡಿಗೆ ಕೈ ಹಾಕುವ ಮುಂಚೆ ಮತ್ತೊಮ್ಮೆ "ಯಾರು ನೀನು?" ಅಂತ ಕೇಳಬೇಕು. 2010ರಲ್ಲಿ ಅಮೆರಿಕದ ಫಾರೆಸ್ಟರ್ ಅನ್ನುವ ಸಂಶೋಧನಾ ಕಂಪನಿಯ ಜಾನ್ ಕಿಂಡರ್ವಾಗ್ ಈ ಮಾತನ್ನು ಚಾಲ್ತಿಗೆ ತಂದರು. ಅದರ ಹಿಂದಿನ ವರ್ಷ ಗೂಗಲ್‌ಗೇ ಕನ್ನ ಬಿದ್ದಿತ್ತು. ಅವರೂ ವಿಪಿಎನ್ ಬಿಟ್ಟು ಇದೇ ದಾರಿ ಹಿಡಿದರು. ವಿಚಾರ ಸರಿಯಾಗೇ ಇದೆ, ನನ್ನ ತಕರಾರಿಲ್ಲ.

ತಕರಾರು ಇದನ್ನು ಮಾರಲು ಬೆಂಗಳೂರಿನಿಂದ ಬಂದ ಹುಡುಗನ ಮೇಲೆ. ಮೂರು ಸೇವೆಗಳನ್ನು ಹೋಲಿಸಿದ ಪಟ್ಟಿ ತಂದಿದ್ದ. ಅವನದ್ದರಲ್ಲಿ ಮೇಲಿಂದ ಕೆಳಗೆ ಹಸಿರು ಟಿಕ್ಕು. ಉಳಿದೆರಡರಲ್ಲಿ ಕೆಂಪು ಇಂಟು. ಆಮೇಲೆ ನಾನೇ ಸುಮ್ನೆ ಹುಡುಕಿದೆ. ಆ ಇಬ್ಬರ ಪಟ್ಟಿಯಲ್ಲೂ ಹಾಗೇ, ಅವರವರಿಗೆ ಟಿಕ್ಕು, ಮಿಕ್ಕವರಿಗೆ ಇಂಟು. ಇದೇ ಥರದ ಸೇವೆಯ ಕ್ಲೌಡ್‌ಫ್ಲೇರ್ ಕಂಪನಿಯವರು ಐವತ್ತು ಜನರವರೆಗೆ ಪುಕ್ಕಟೆ ಕೊಡುತ್ತಾರೆ. ನಾವು ಹದಿನಾಲ್ಕು. ಆ ಹೆಸರು ಇವನ ಪಟ್ಟಿಯಲ್ಲೇ ಇರಲಿಲ್ಲ. ಕಮಿಷನ್ ಗಿಟ್ಟದ ಗಂಡನ್ನು ಯಾವ ಬ್ರೋಕರ್ ತೋರಿಸುತ್ತಾನೆ?

ಪುಕ್ಕಟೆಯದ್ದೇ ತಗೊಂಡಿದ್ದರೆ ಸುಖವಾಗಿರುತ್ತಿದ್ದೆವು ಅಂತಲೂ ಅಲ್ಲ. 2025ರ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಮುಗ್ಗರಿಸಿದಾಗ ಅವರ ಬಾಗಿಲು ಕಾಯುವ ಸೇವೆಯೂ ಮುಗ್ಗರಿಸಿತ್ತು. ಯಾರನ್ನೂ ನಂಬಬೇಡಿ ಅನ್ನುವವನನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಕು!

ಓಟಿಪಿ ಕಥೆ ಹೇಳಿದ್ದಕ್ಕೆ ಆ ಬೆಂಗಳೂರಿನ ಹುಡುಗ, "ಸಾರ್, ಆಪ್ ಹಾಕ್ಕೊಳ್ಳಿ, ಸಿಗ್ನಲ್ ಇಲ್ಲದೇನೂ ಮೂವತ್ತು ಸೆಕೆಂಡಿಗೊಂದು ನಂಬರ್ ಬರುತ್ತೆ" ಅಂದ. ನಿಜ, ಬರುತ್ತದೆ. ರೈಟರ ಕೈಲಿರುವುದು ಗುಂಡಿ ಒತ್ತುವ ಫೋನು. ಹೊಸ ಫೋನಿನ ಬಿಲ್ಲು ಸಾಹುಕಾರ್ರ ಮೇಜಿನ ಮೇಲೆ ಸಹಿಗೆ ಕಾಯುತ್ತಿದೆ.

ನನ್ನ ಪಾಡು ಇನ್ನೊಂದು. ಕರೆಂಟ್ ಹೋದಾಗ ಫೋನಿನ ನೆಟ್ ಹಾಕಿಕೊಂಡರೆ ನಾನೆಲ್ಲಿದ್ದೇನೆ ಅಂತ ನೆಟ್‌ಗೆ ಹೇಳುವ ಐಪಿ ವಿಳಾಸ ಚೆನ್ನೈ ಅಂತ ತೋರಿಸುತ್ತದೆ. ಹತ್ತು ನಿಮಿಷದಲ್ಲಿ ಚಿಕ್ಕಮಗಳೂರಿನಿಂದ ಚೆನ್ನೈಗೆ ಹೋದೆನಂತೆ, ಅನುಮಾನವಂತೆ, ಬಾಗಿಲು ಬಂದ್. ಇಲ್ಲಿ ಹತ್ತು ನಿಮಿಷದಲ್ಲಿ ಹನುಮಂತಪ್ಪ ಸರ್ಕಲ್ ದಾಟಿದರೆ ಪುಣ್ಯ.

ಆದರೂ ಹೆಮ್ಮೆಪಡಬೇಕು. ಅಮೆರಿಕದವರು 2010ರಲ್ಲಿ ಕಂಡುಕೊಂಡದ್ದನ್ನು ನಮ್ಮ ಕೌಂಟರುಗಳು ಎಷ್ಟೋ ಕಾಲದಿಂದ ನಡೆಸಿಕೊಂಡು ಬಂದಿವೆ. ಪಿಂಚಣಿ ಬರುವ ನಮ್ಮಪ್ಪ ವರ್ಷಕ್ಕೊಮ್ಮೆ ತಾನು ಬದುಕಿದ್ದೇನೆ ಅಂತ ರುಜುವಾತು ಮಾಡಬೇಕು. ಎದುರಿಗೆ ಕೂತು ಕೆಮ್ಮಿದರೂ ಸಾಲದು, ಮಿಷನ್ನು ಹೂಂ ಅನ್ನಬೇಕು.

ರೇಷನ್ ಅಂಗಡಿಗೆ ಹೋಗಿ ನೋಡಿ. ಹೋದ ತಿಂಗಳು ನಮ್ಮ ತೋಟದ್ದೇ ಹೆಂಗಸು, ಓಟಿಪಿ ತಿದ್ದಿ ಹೇಳುವವರಲ್ಲಿ ಒಬ್ಬರು, ಕೌಂಟರ್ ಮುಂದೆ ಹೆಬ್ಬೆಟ್ಟು ಒತ್ತುತ್ತಲೇ ಇದ್ದರು. ಸೆರಗಿಗೆ ಒರೆಸಿ ಒತ್ತಿದರು. ತಲೆಯ ಎಣ್ಣೆಗೆ ಸವರಿ ಒತ್ತಿದರು. "ತಂಬ್ ಬೀಳ್ತಿಲ್ಲಮ್ಮ, ನಾಳೆ ಬಾ." ನಾಳೆ ಅಂದರೆ ಒಂದು ದಿನದ ಕೂಲಿ. ಇಪ್ಪತ್ತು ವರ್ಷ ನಮ್ಮ ಕಾಫಿ ಕೊಯ್ದು ಆ ಬೆರಳಿನ ಗೆರೆ ಸವೆದಿವೆ. ಅಂಗಡಿಯವನಿಗೆ ಅವರು ಗೊತ್ತು, ಅವರ ಮಕ್ಕಳೂ ಗೊತ್ತು. ಗೊತ್ತಿದ್ದೂ ಕೊಡುವ ಹಾಗಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಐದು ಕಿಲೋ ಅಕ್ಕಿಗೆ ಒಬ್ಬರನ್ನು ಹೀಗೆ ನಿಲ್ಲಿಸಬಾರದು, ಅಷ್ಟೇ.

ಇತ್ತ ನಮ್ಮ ಆಫೀಸಿನಲ್ಲಿ ಮೊದಲ ದಿನವೇ ಸಾಹುಕಾರ್ರು, "ನನಗೇ ಓಟಿಪಿನಾ?" ಅಂದರು. ಅವರ ಹೆಸರು ವಿನಾಯಿತಿ ಪಟ್ಟಿಗೆ ಹೋಯಿತು. ಹಿಂದೆಯೇ ಮಗ, ಭಾವಮೈದ, ಆಡಿಟರು. ಹಾಸನಾಂಬೆಯ ಧರ್ಮದರ್ಶನದ ಸಾಲಿನಲ್ಲಿ ನಿಂತು ಪಾಸಿನವರು ಮುಂದೆ ಹೋಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾವಮೈದನ ಪಾಸ್‌ವರ್ಡ್ ಗೋಡೆಯ ಕ್ಯಾಲೆಂಡರಿನಲ್ಲಿ, ಹಬ್ಬದ ರಜೆಯ ಪಕ್ಕ, ಪೆನ್ನಲ್ಲಿ ಬರೆದಿದೆ. ಬ್ಯಾಂಕಿನ ಲೆಕ್ಕ, ಮಾರಾಟದ ಲೆಕ್ಕ ಎಲ್ಲಕ್ಕೂ ಅದೊಂದೇ ಸಾಕು. ಹುಷಾರಾಗಿ ಕಾಯುತ್ತಿರುವುದು ರೈಟರ ಚೆಕ್‌ರೋಲನ್ನು, ಅಂದರೆ ನಿನ್ನೆ ಯಾರು ಎಷ್ಟು ಕಿಲೋ ಹಣ್ಣು ಕೊಯ್ದರು ಅನ್ನುವುದನ್ನು.

ಮೊನ್ನೆ ತಿಂಗಳ ಲೆಕ್ಕ ಮುಗಿಸುವಾಗ ದಿಬ್ಬದ ಹುಡುಗನ ಕೂಲಿ ಉಳಿಯಿತು. ಯಾವ ಬಾಬ್ತಿಗೆ ಹಾಕಲಿ ಅಂತ ಸಾಹುಕಾರ್ರನ್ನು ಕೇಳಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

"ಮಂಗ ಓಡಿಸೋದಕ್ಕೆ ಹಾಕ್ರಿ" ಅಂದರು.