‘ತೊಳೆದಿದ್ದೇನೆ’ ಎಂಬ ಸುಳ್ಳು

ಮೂರು ವಾರಗಳ ಹಿಂದೆ ಎರವಲು ಹೋಗಿದ್ದ, ಬಣ್ಣ ಸಿಂಪಡಿಸುವ ನನ್ನ ಸ್ಪ್ರೇ ಗನ್ ಇಂದು ಮನೆಗೆ ಮರಳಿತು. ‘ಚೆನ್ನಾಗಿ ತೊಳೆದಿದ್ದೇನೆ ಮಾರಾಯ, ಹೇಗೆ ಹೊಳೆಯುತ್ತಿದೆ ನೋಡು’ ಎಂದು ಗೆಳೆಯ ಕೈಗಿಟ್ಟು ಹೋದ. ಹೊಳೆಯುತ್ತಿತ್ತು, ಸುಳ್ಳಲ್ಲ. ಆದರೆ ಟ್ರಿಗರ್ ಎಳೆದರೆ ಜಗ್ಗಲಿಲ್ಲ. ಬಣ್ಣದ ದಾರಿ ತೆರೆದು ಮುಚ್ಚುವ ಸೂಜಿ, ಅಂದರೆ ನೀಡಲ್, ಒಳಗೆ ಕಲ್ಲಿನಂತೆ ಕೂತಿದೆ. ಬಣ್ಣ ತುಂಬುವ ಕಪ್ಪಿನ ತಳದ ರಂಧ್ರದಲ್ಲಿ ಬಿಳಿ ಬಣ್ಣದ ಬಿರಡೆಯೊಂದು ಬಿಗಿದುಕೊಂಡಿದೆ. ಗನ್ನಿನ ಮೂತಿಯಲ್ಲಿ ಗಾಳಿ ಬಿಡುವ ಏರ್ ಕ್ಯಾಪಿನ ಕೊಂಬಿನ ತೂತುಗಳ ಕಥೆ ಕೇಳಲೇಬೇಡಿ.

ಕುರ್ಚಿ, ಕಪಾಟು, ಹಳೆಯ ಸೈಕಲ್ಲಿನ ಚೌಕಟ್ಟು ಎಂದು ಕೈಗೆ ಸಿಕ್ಕಿದ್ದಕ್ಕೆಲ್ಲ ಬಣ್ಣ ಹೊಡೆಯುವ ನನ್ನ ಚಟ ನಿಮಗೆ ಗೊತ್ತಿರುವುದೇ. ಆ ಗನ್ ಮೇಲಿನ ನನ್ನ ಮೋಹವೂ ಗೊತ್ತು. ಆದ್ದರಿಂದ ಸ್ವಲ್ಪ ಕೂಗಾಡುತ್ತೇನೆ, ಸಹಿಸಿಕೊಳ್ಳಿ.

ಏನಾಯಿತೆಂದು ಫೋನ್ ಮಾಡಿ ವಿಚಾರಿಸಿದೆ. ಎರಡು ಬಾಗಿಲುಗಳಿಗೆಂದು ಒಂದು ಲೀಟರ್ ಬಣ್ಣ ಕಲಸಿದ್ದಾನೆ. ಅರ್ಧವೂ ಖರ್ಚಾಗಿಲ್ಲ. ಚೆಲ್ಲಲು ಮನಸ್ಸು ಬಾರದೆ, ‘ನಾಳೆ ಹೊಡೆದರಾಯಿತು’ ಎಂದು ಕಪ್ಪಿಗೆ ಮುಚ್ಚಳ ಹಾಕಿ ಮಲಗಿದ್ದಾನೆ. ಅದು ಹಾರ್ಡನರ್ ಎಂಬ ಗಟ್ಟಿಯಾಗಿಸುವ ದ್ರವ ಬೆರೆಸಿದ ಬಣ್ಣ! ಗಾಳಿಗೆ ಒಣಗಿ ಗಟ್ಟಿಯಾಗುವ ಜಾತಿಯದಲ್ಲ. ಎರಡು ದ್ರವಗಳು ಸೇರಿದ ಕ್ಷಣದಿಂದಲೇ ರಾಸಾಯನಿಕ ಕ್ರಿಯೆ ಶುರುವಾಗುತ್ತದೆ. ಮುಚ್ಚಿಟ್ಟರೂ ಗಟ್ಟಿಯಾಗುತ್ತದೆ, ತೆರೆದಿಟ್ಟರೂ ಗಟ್ಟಿಯಾಗುತ್ತದೆ. ಒಮ್ಮೆ ಪೂರ್ತಿ ಗಟ್ಟಿಯಾದ ಮೇಲೆ ಥಿನ್ನರ್ ಸುರಿದರೆ ಅದಕ್ಕೆ ಸ್ನಾನ ಮಾಡಿಸಿದಂತೆ, ಅಷ್ಟೇ. ಬೆಳಿಗ್ಗೆ ಎದ್ದು ಇವನು ಮಾಡಿದ್ದು ಅದನ್ನೇ. ಅದಕ್ಕೆ ಅವನಿಟ್ಟ ಹೆಸರು ‘ತೊಳೆದಿದ್ದೇನೆ’.

ನನ್ನ ತಕರಾರು ಅವನು ಸರಿಯಾಗಿ ತೊಳೆಯಲಿಲ್ಲ ಎಂಬುದಲ್ಲ. ಅವನು ಕೆಟ್ಟದ್ದು ತೊಳೆಯುವಾಗಲ್ಲ, ಕಲಸುವಾಗ. ಒಂದು ಲೀಟರ್ ಏಕೆ ಬೇಕಿತ್ತು? 300 ಮಿಲಿಲೀಟರಿನಂತೆ ಕಲಸಿ, ಸಾಲದಿದ್ದರೆ ಇನ್ನೊಮ್ಮೆ ಕಲಸಿದ್ದರೆ ಕಪ್ಪು ತಾನಾಗಿಯೇ ಖಾಲಿಯಾಗುತ್ತಿತ್ತು. ನಾಲ್ಕು ಪಾಲು ಬಣ್ಣಕ್ಕೆ ಒಂದು ಪಾಲು ಹಾರ್ಡನರ್ ಎಂದು ಡಬ್ಬಿಯ ಮೇಲೆ ಬರೆದಿದ್ದರೆ 240ಕ್ಕೆ 60, ಲೆಕ್ಕ ಅಷ್ಟೇ. ಥಿನ್ನರ್ ಎಷ್ಟೆಂಬುದೂ ಅಲ್ಲೇ ಇರುತ್ತದೆ. ಪಕ್ಕದಲ್ಲಿ ಗೆರೆಗಳಿರುವ ಪಾರದರ್ಶಕ ಲೋಟವೊಂದು ಬೇಕು, ಅಡ್ಡ ತುದಿಯ ಚಪ್ಪಟೆ ಕಡ್ಡಿಯೊಂದು ಬೇಕು. ಕಲಸುವಾಗ ಲೋಟದ ತಳವನ್ನೂ ಗೋಡೆಯನ್ನೂ ಕೆರೆಯುತ್ತ ನಿಧಾನವಾಗಿ ತಿರುಗಿಸಿದರೆ ಸಾಕು. ಮೊಸರು ಕಡೆದಂತೆ ಕಡೆದರೆ ಗುಳ್ಳೆಗಳೇಳುತ್ತವೆ. ಆಮೇಲೆ ಜಾಲರಿ ಇರುವ ಕಾಗದದ ಶಂಕುವಿನಲ್ಲಿ ಸೋಸಿ ಕಪ್ಪಿಗೆ ಬಿಡಬೇಕು. ಈ ಸೋಸುವ ಕೆಲಸವನ್ನು ಬಹಳ ಮಂದಿ ಹಾರಿಸಿಬಿಡುತ್ತಾರೆ. ಬಣ್ಣ ಹೊರಬರುವ ನಾಝಲಿನ ತೂತು ಸಾಮಾನ್ಯವಾಗಿ 1.3 ಅಥವಾ 1.4 ಮಿಲಿಮೀಟರ್ ಇರುತ್ತದೆ. ಡಬ್ಬಿಯ ಅಂಚಿನಿಂದ ಬಿದ್ದ ಒಂದು ಒಣ ಚಕ್ಕೆ ಸಾಕು, ಕೆಲಸ ಅರ್ಧಕ್ಕೆ ನಿಲ್ಲಲು.

‘ಅನುಭವಿಗಳಿಗೆ ಅಳತೆ ಏಕೆ, ಕಡ್ಡಿಯಿಂದ ಬಣ್ಣ ಇಳಿಯುವ ಧಾರೆ ನೋಡಿಯೇ ಹದ ಹೇಳುತ್ತಾರೆ’ ಎಂದು ಯಾರಾದರೂ ಹೇಳಿಯೇ ಹೇಳುತ್ತೀರಿ. ಹೇಳುತ್ತಾರೆ, ಒಪ್ಪಿದೆ. ಧಾರೆ ನೋಡಿದರೆ ತೆಳುವೋ ದಪ್ಪವೋ ತಿಳಿಯುತ್ತದೆ, ಹಾರ್ಡನರ್ ಎಷ್ಟು ಬಿತ್ತೆಂದು ತಿಳಿಯುವುದಿಲ್ಲ. ಅಲ್ಲದೆ ನನ್ನ ಗೆಳೆಯ ಅನುಭವಿಯಲ್ಲ, ನಾನೂ ಅಲ್ಲ. ನಮ್ಮಂಥವರ ಕಣ್ಣಳತೆಗಿಂತ ಲೋಟದ ಗೆರೆಯೇ ವಾಸಿ.

ಕಪ್ಪಿನೊಳಗೆ ಕೂರುವ ತೆಳು ಪ್ಲಾಸ್ಟಿಕ್ ಚೀಲದಂಥ ಲೈನರುಗಳೂ ಇವೆ. ಅದರಲ್ಲೇ ಅಳೆದು ಕಲಸಬಹುದು, ಮುಚ್ಚಳದಲ್ಲೇ ಜಾಲರಿ ಇರುತ್ತದೆ, ಬಣ್ಣ ಖಾಲಿಯಾದಂತೆ ಲೈನರ್ ಕುಗ್ಗುವುದರಿಂದ ಗನ್ ತಲೆಕೆಳಗಾಗಿ ಹಿಡಿದರೂ ಬಣ್ಣ ಬರುತ್ತದೆ. ಮುಗಿದ ಮೇಲೆ ಲೈನರ್ ತೆಗೆದರೆ ತೊಳೆಯಲು ಉಳಿಯುವುದು ಗನ್ನಿನ ದಾರಿ ಮಾತ್ರ. ಅದಕ್ಕೆ ಒಂದಿಷ್ಟು ಥಿನ್ನರ್ ಸಾಕು. ಪ್ಲಾಸ್ಟಿಕ್ ಕಸವಲ್ಲವೇ ಎಂದು ಕೇಳುವವರಿಗೆ: ಹೌದು, ಕಸವೇ. ಪ್ರತಿ ಸಲ ಕಪ್ಪು ತೊಳೆದು ಹಾಳು ಮಾಡುವ ಥಿನ್ನರ್ ಏನು, ತೀರ್ಥವೇ?

ಇನ್ನು ತಪ್ಪೊಪ್ಪಿಗೆ. ನನ್ನ ಮೊದಲ ಗನ್ನನ್ನು ಕೊಂದವನು ನಾನೇ. ಶ್ರದ್ಧೆ ಹೆಚ್ಚಾಗಿ ಇಡೀ ಗನ್ನನ್ನು ರಾತ್ರಿಯೆಲ್ಲ ಥಿನ್ನರಿನಲ್ಲಿ ಮುಳುಗಿಸಿಟ್ಟಿದ್ದೆ. ಒಳಗಿನ ಸೋರಿಕೆ ತಡೆಯುವ ಪ್ಯಾಕಿಂಗುಗಳು ಉಬ್ಬಿ, ಗ್ರೀಸ್ ಕರಗಿ, ಟ್ರಿಗರಿನ ಬಳಿ ಗಾಳಿಯೂ ಬಣ್ಣವೂ ಸೋರತೊಡಗಿದವು. ಸಾಲದ್ದಕ್ಕೆ ಏರ್ ಕ್ಯಾಪಿನ ತೂತುಗಳನ್ನು ಕಬ್ಬಿಣದ ತಂತಿಯಿಂದ ಚುಚ್ಚಿದ್ದೆ. ಅಂದಿನಿಂದ ಬಣ್ಣದ ಬೀಸು ಬಾಳೆಹಣ್ಣಿನ ಹಾಗೆ ಬಾಗಿ ಬರುತ್ತಿತ್ತು. ಕ್ಯಾಪನ್ನು ಅರ್ಧ ಸುತ್ತು ತಿರುಗಿಸಿದಾಗ ಬಾಗುವ ದಿಕ್ಕೂ ತಿರುಗಿದರೆ ದೋಷ ಕ್ಯಾಪಿನದು, ತಿರುಗದಿದ್ದರೆ ನಾಝಲಿನದು ಎಂಬುದನ್ನು ಕಲಿತದ್ದು ಆಗಲೇ. ಈಗ ಬಿಡಿಭಾಗಗಳನ್ನು ಬಿಚ್ಚಿ, ನೈಲಾನ್ ಕುಂಚದಿಂದಷ್ಟೇ ಉಜ್ಜುತ್ತೇನೆ. ತೂತಿಗೆ ಮರದ ಹಲ್ಲುಕಡ್ಡಿ. ಬಳಸಿದ ಥಿನ್ನರನ್ನು ಚರಂಡಿಗೆ ಸುರಿಯುವುದಿಲ್ಲ. ಮುಚ್ಚಳದ ಡಬ್ಬಿಯಲ್ಲಿಟ್ಟರೆ ಬಣ್ಣ ತಳಕ್ಕಿಳಿದು ಮೇಲೆ ತಿಳಿಯಾಗುತ್ತದೆ, ಮುಂದಿನ ಸಲದ ಮೊದಲ ತೊಳೆತಕ್ಕೆ ಅದೇ ಆಗುತ್ತದೆ. ಕೈಗವಸು, ಆವಿ ತಡೆಯುವ ಮುಖವಾಡ ಇಲ್ಲದೆ ಹಾರ್ಡನರ್ ಡಬ್ಬಿ ತೆರೆಯುವುದೂ ಇಲ್ಲ. ಅದರಲ್ಲಿರುವ ಐಸೋಸಯನೇಟ್ ಎಂಬ ರಾಸಾಯನಿಕ ಉಬ್ಬಸ ತರಿಸಬಲ್ಲದು. ಕರವಸ್ತ್ರ ಕಟ್ಟಿಕೊಂಡರೆ ಅದನ್ನು ತಡೆಯಲಾಗದು.

ಸದ್ಯಕ್ಕೆ ಏರ್ ಕ್ಯಾಪ್ ಬಿಚ್ಚಿಕೊಂಡಿದೆ. ಗಟ್ಟಿಯಾದ ಭಾಗಕ್ಕೆ ಬಣ್ಣ ಕೀಳುವ ರಿಮೂವರ್ ಸವರಿ ಕಾಯುತ್ತಿದ್ದೇನೆ. ನೀಡಲ್ ಮಾತ್ರ ಕೂದಲೆಳೆಯಷ್ಟೂ ಸರಿದಿಲ್ಲ. ಬಾಗದಂತೆ ಹೊರತೆಗೆದ ಅನುಭವ ಯಾರಿಗಾದರೂ ಇದ್ದರೆ ಕೆಳಗೆ ಬರೆಯಿರಿ. ‘ಹೊಸದು ತೆಗೆದುಕೋ’ ಎನ್ನುವವರು ದಯವಿಟ್ಟು ಬರೆಯಬೇಡಿ.