ಇಲ್ಲಿ ಔಷಧ, ಊರಲ್ಲಿ ಸೌಂದರ್ಯವರ್ಧಕ

ಸೂಕ್ಷ್ಮ ಚರ್ಮದವರು ಸನ್‌ಸ್ಕ್ರೀನ್ ಕೊಳ್ಳುವ ಮೊದಲು ಎರಡು ವಿಷಯ ಗೊತ್ತಾಗಬೇಕು. ಬಿಸಿಲು ತಡೆಯುವ ಪದಾರ್ಥ ಯಾವುದು, ಎಷ್ಟಿದೆ ಎನ್ನುವುದು ಒಂದು. ಅದರ ಜೊತೆ ಇನ್ನೇನೇನು ಬೆರೆಸಿದ್ದಾರೆ ಎನ್ನುವುದು ಇನ್ನೊಂದು. ನಾನಿರುವ ಆಸ್ಟ್ರೇಲಿಯಾದ ಕಾನೂನು ಮೊದಲನೆಯದನ್ನು ಕಟ್ಟುನಿಟ್ಟಾಗಿ ಬರೆಸುತ್ತದೆ, ಎರಡನೆಯದನ್ನು ಅರ್ಧಕ್ಕೇ ಬಿಡುತ್ತದೆ. ನಮ್ಮ ದೇಶದ ಕಾನೂನು ಎರಡನೆಯದನ್ನು ಬರೆಸುತ್ತದೆ, ಮೊದಲನೆಯದರಲ್ಲಿ ಸಡಿಲ. ಎರಡೂ ಒಂದೇ ಟ್ಯೂಬಿನ ಮೇಲೆ ಇರಬೇಕು ಎಂದು ನಾನು ಎರಡೂ ಕಡೆಯವರಿಗೆ ಹೇಳುತ್ತಲೇ ಬಂದಿದ್ದೇನೆ.

ಮೆಲ್ಬರ್ನ್‌ನಲ್ಲಿ ಸನ್‌ಸ್ಕ್ರೀನ್ ಔಷಧದ ಸಾಲಿನದು. ಇಲ್ಲಿನ ಔಷಧ ನಿಯಂತ್ರಕ ಟಿಜಿಎ ಪಟ್ಟಿಗೆ ಸೇರಿಸಿದ ಮೇಲೆ ಟ್ಯೂಬಿನ ಮೇಲೆ ‘ಆಸ್ಟ್ ಎಲ್’ ಎಂಬ ಸಂಖ್ಯೆ ಬರುತ್ತದೆ. ಮುಖ್ಯ ಪದಾರ್ಥಗಳ ಹೆಸರು, ಪ್ರಮಾಣ, ಜೊತೆಗೆ ಕೆಡದಂತೆ ಕಾಯುವ ಪ್ರಿಸರ್ವೇಟಿವ್‌ಗಳ ಹೆಸರು ಅಚ್ಚಾಗಿರಬೇಕು. ಉಳಿದದ್ದನ್ನು ಬರೆಯುವುದು ಕಂಪನಿಯ ಇಷ್ಟ. ಭಾರತದಲ್ಲಿ ಸನ್‌ಸ್ಕ್ರೀನ್ ಸೌಂದರ್ಯವರ್ಧಕ, ಪೌಡರು, ಲಿಪ್‌ಸ್ಟಿಕ್ಕಿನ ಸಾಲಿನದು. ಅಲ್ಲಿ ಪದಾರ್ಥಗಳ ಪಟ್ಟಿಯನ್ನು ಹೆಚ್ಚಿರುವುದು ಮೊದಲು ಎಂಬ ಕ್ರಮದಲ್ಲಿ ಕೊಡಬೇಕು. ಆದರೆ ಬಿಸಿಲು ತಡೆಯುವ ಜಿಂಕ್ ಆಕ್ಸೈಡ್ ಶೇಕಡಾ 5 ಇದೆಯೋ 20 ಇದೆಯೋ ಅದರಿಂದ ತಿಳಿಯುವುದಿಲ್ಲ.

ನನ್ನ ಮಗನಿಗೆ ಚಿಕ್ಕಂದಿನಿಂದ ಇಸುಬು. ಮೊಣಕೈ ಮಡಿಕೆ, ಮೊಣಕಾಲ ಹಿಂಭಾಗ, ಕುತ್ತಿಗೆ, ಎಲ್ಲಿ ಬೆವರು ನಿಲ್ಲುತ್ತದೋ ಅಲ್ಲೆಲ್ಲ ನವೆ. ಅಂಥ ಚರ್ಮಕ್ಕೆ ತೊಂದರೆ ಕೊಡುವುದು ಬಹಳ ಸಲ ಬಿಸಿಲು ತಡೆಯುವ ಪದಾರ್ಥವಲ್ಲ, ಪಟ್ಟಿಯ ಬಾಲದಲ್ಲಿರುವ ಸುಗಂಧ ಮತ್ತು ಪ್ರಿಸರ್ವೇಟಿವ್. ಮಿಥೈಲ್‌ಐಸೋಥಯಾಝೊಲಿನೋನ್ ಎಂಬ ಪ್ರಿಸರ್ವೇಟಿವ್ ಎಷ್ಟು ಜನರಿಗೆ ಅಲರ್ಜಿ ತಂದಿತೆಂದರೆ, ಹಚ್ಚಿ ತೊಳೆಯದೆ ಬಿಡುವ ಕ್ರೀಮುಗಳಲ್ಲಿ ಅದನ್ನು ಯುರೋಪ್ 2017ರಲ್ಲಿ ನಿಷೇಧಿಸಿತು. ಸುಗಂಧದ ಕಥೆ ಇನ್ನೂ ಕಷ್ಟ. ‘ಪರ್ಫ್ಯೂಮ್’ ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಅಡಗಿರುತ್ತವೆ. ‘ಅನ್‌ಸೆಂಟೆಡ್’ ಎಂದು ಬರೆದಿದ್ದರೂ ಮೂಲ ವಾಸನೆ ಮುಚ್ಚಲು ಬೇರೊಂದು ಸುಗಂಧ ಹಾಕಿರಬಹುದು. ‘ಫ್ರಾಗ್ರೆನ್ಸ್ ಫ್ರೀ’ ಎಂದೇ ಇದೆಯಾ ಎಂದು ನೋಡಬೇಕು. ಇಸುಬಿನ ಮಗುವಿನ ತಾಯಿತಂದೆಗೆ ಇಲ್ಲಿನ ಕಾನೂನು ಬರೆಸದೆ ಬಿಟ್ಟ ಈ ಸುಗಂಧದ ಭಾಗವೇ ಎಲ್ಲಕ್ಕಿಂತ ಅಗತ್ಯವಾದ ಭಾಗ.

ಮೊನ್ನೆ ಮೈಸೂರಿನಿಂದ ತಂಗಿ ಒಂದು ಟ್ಯೂಬಿನ ಫೋಟೋ ಕಳಿಸಿದಳು. “ಅಣ್ಣಾ, ಮಿನರಲ್ ಅಂತ ಬರ್ದಿದ್ದಾರೆ, ಮುಖಕ್ಕೆ ಹಚ್ಬಹುದಾ?” ಮಿನರಲ್ ಅಂದರೆ ರಾಸಾಯನಿಕ ಫಿಲ್ಟರಿನ ಬದಲು ಜಿಂಕ್ ಆಕ್ಸೈಡಿನಂಥ ಖನಿಜ ಬಿಸಿಲು ತಡೆಯುವುದು. ಹಿಂಬದಿಯ ಫೋಟೋನೂ ಕಳಿಸಮ್ಮ ಎಂದೆ. ಜಿಂಕ್ ಆಕ್ಸೈಡ್ ಮೇಲೇ ಇತ್ತು, ಸರಿ. ಅದರ ಕೆಳಗೆ ಬ್ಯುಟೈಲ್‌ಆಕ್ಟೈಲ್ ಸ್ಯಾಲಿಸಿಲೇಟ್. ಇದು ಆಕ್ಟಿಸಲೇಟ್ ಎಂಬ ರಾಸಾಯನಿಕ ಫಿಲ್ಟರಿನ ಹತ್ತಿರದ ಸಂಬಂಧಿ, ಆದರೆ ಕಾಗದದ ಮೇಲೆ ಬರೀ ದ್ರಾವಕ, ಫಿಲ್ಟರ್ ಎಂದು ಲೆಕ್ಕಕ್ಕಿಲ್ಲ. ಕೊನೆಯಲ್ಲಿ ಲಿಮೊನೀನ್, ಲಿನಲೂಲ್ ಎಂಬ ಸುಗಂಧ ವಸ್ತುಗಳು, ಜೊತೆಗೆ ಪರ್ಫ್ಯೂಮ್. ಕೆನ್ನೆ ಬೇಗ ಕೆಂಪಾಗುವ ಅವಳಿಗೆ ಈ ಕೊನೆಯ ಸಾಲಿಗಾಗಿಯೇ ಬೇಡ ಎಂದೆ. ಮುಂಬದಿ ಓದಿ ಕೊಂಡಿದ್ದರೆ ಇದ್ಯಾವುದೂ ಕಾಣುತ್ತಿರಲಿಲ್ಲ. ಆ ಪಟ್ಟಿ ಓದಲು ಸಿಕ್ಕಿದ್ದು ನಮ್ಮ ದೇಶದ ನಿಯಮದಿಂದ, ಅದನ್ನೂ ಹೇಳಲೇಬೇಕು.

ಫಿಲ್ಟರುಗಳ ಪೈಕಿ ಸೂಕ್ಷ್ಮ ಚರ್ಮಕ್ಕೆ ನನ್ನ ಮೊದಲ ಆಯ್ಕೆ ಜಿಂಕ್ ಆಕ್ಸೈಡ್. ಬಿಸಿಲಿನ ನೇರಳಾತೀತ (ಯುವಿ) ಕಿರಣಗಳಾದ ಯುವಿಬಿ, ಯುವಿಎ ಎರಡನ್ನೂ ಚೆನ್ನಾಗಿ ತಡೆಯುತ್ತದೆ, ಅಲರ್ಜಿ ತೀರಾ ಅಪರೂಪ. ನಮಗಿದು ಹೊಸದೂ ಅಲ್ಲ. ಸೆಕೆಗುಳ್ಳೆಗೆ, ನವೆಗೆ ಮನೆಮನೆಯಲ್ಲೂ ಹಚ್ಚುವ ಕ್ಯಾಲಮೈನ್‌ನಲ್ಲಿರುವುದು ಬಹುಪಾಲು ಇದೇ. ಅದಕ್ಕೆ ಆ ಗುಲಾಬಿ ಬಣ್ಣ ಬರುವುದು ಚೂರು ಐರನ್ ಆಕ್ಸೈಡಿನಿಂದ. ಏವೊಬೆನ್ಝೋನ್ ಎಂಬ ರಾಸಾಯನಿಕ ಫಿಲ್ಟರ್ ಯುವಿಎಗೆ ಗಟ್ಟಿ, ಆದರೆ ಜೊತೆಗೆ ಆಸರೆ ಇಲ್ಲದಿದ್ದರೆ ಬಿಸಿಲಲ್ಲೇ ಒಡೆದುಹೋಗುತ್ತದೆ. ಬೆವರಿನೊಡನೆ ಕಣ್ಣಿಗಿಳಿದರೆ ಉರಿಯೋ ಉರಿ. ಆ ಆಸರೆಗೆ ಸಾಮಾನ್ಯವಾಗಿ ಹಾಕುವುದು ಆಕ್ಟೊಕ್ರೈಲೀನ್ ಎಂಬ ಇನ್ನೊಂದು ಫಿಲ್ಟರ್. ಮಂಡಿನೋವಿಗೆ ಕೆಟೊಪ್ರೊಫೆನ್ ಜೆಲ್ ಹಚ್ಚಿ, ಬಿಸಿಲಿಗೆ ಹೋಗಿ ಅಲರ್ಜಿ ಆದವರಿಗೆ ಈ ಆಕ್ಟೊಕ್ರೈಲೀನ್ ಕೂಡ ಆಗದೇ ಹೋಗಬಹುದು. ಯುರೋಪಿನ 12 ದೇಶಗಳಲ್ಲಿ 1031 ಜನರನ್ನು ಪರೀಕ್ಷಿಸಿದ ಅಧ್ಯಯನದಲ್ಲಿ ಬೆಳಕಿನ ಅಲರ್ಜಿಗೆ ಮುಖ್ಯ ಕಾರಣಗಳಾಗಿ ಕಂಡವುಗಳಲ್ಲಿ ಕೆಟೊಪ್ರೊಫೆನ್, ಆಕ್ಟೊಕ್ರೈಲೀನ್, ಆಕ್ಸಿಬೆನ್ಝೋನ್ ಎಂಬ ಮತ್ತೊಂದು ಫಿಲ್ಟರ್, ಮೂರೂ ಇದ್ದವು.

ಹಾಗಂತ ಆಸ್ಟ್ರೇಲಿಯಾದ ಔಷಧದ ಮುದ್ರೆಯನ್ನು ಕಣ್ಣುಮುಚ್ಚಿ ನಂಬಿ ಅನ್ನುತ್ತಿಲ್ಲ. 2025ರಲ್ಲಿ ಚಾಯ್ಸ್ ಎಂಬ ಗ್ರಾಹಕ ಸಂಸ್ಥೆ 20 ಸನ್‌ಸ್ಕ್ರೀನ್‌ಗಳನ್ನು ಪರೀಕ್ಷೆ ಮಾಡಿಸಿದಾಗ 16ರಲ್ಲಿ ಬರೆದಷ್ಟು ಎಸ್‌ಪಿಎಫ್, ಅಂದರೆ ಬಿಸಿಲಿಗೆ ಚರ್ಮ ಸುಡದಂತೆ ತಡೆಯುವ ಶಕ್ತಿಯ ಅಳತೆ, ಸಿಗಲಿಲ್ಲ. ದೇಶವೇ ಎದ್ದು ಕೂತು ಕೇಳಿತು, ಕಂಪನಿಗಳು ಉತ್ತರ ಕೊಡಬೇಕಾಯಿತು. ಹಾಗೆ ಕೇಳುವ ರೂಢಿ ನಮ್ಮಲ್ಲೂ ಬರಬೇಕು. ಬೇಸಿಗೆಯ ಮಧ್ಯಾಹ್ನ ಬೆಂಗಳೂರಿನ ಯುವಿ ಸೂಚ್ಯಂಕ 11, ಅಂದರೆ ಅತಿ ತೀವ್ರ ಮಟ್ಟ, ದಾಟುವುದು ಮಾಮೂಲು, ಆ ಬಿಸಿಲಲ್ಲಿ ಮಕ್ಕಳು ಮೈದಾನದಲ್ಲಿ ಸಾಲಾಗಿ ನಿಂತಿರುತ್ತಾರೆ. ಇಲ್ಲಿನ ಶಾಲೆಗಳಲ್ಲಿ ಟೋಪಿ ಇಲ್ಲದ ಮಗುವನ್ನು ಬಯಲಲ್ಲಿ ಆಡಲು ಬಿಡುವುದಿಲ್ಲ. ಇಸುಬಿನ ಮಗುವಿಗೆ ತುಂಬುತೋಳಿನ ಅಂಗಿ, ಅಗಲ ಅಂಚಿನ ಟೋಪಿಗಿಂತ ಒಳ್ಳೆಯ ಸನ್‌ಸ್ಕ್ರೀನ್ ಇಲ್ಲ. ಹಚ್ಚಬೇಕಾದ ಜಾಗ ಮುಖ, ಕುತ್ತಿಗೆ, ಕೈಗಳಷ್ಟಕ್ಕೇ ಇಳಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಇಲ್ಲಿನ ದಾರಿ ನಮಗೆ ಪೂರ್ತಿ ಹೊಂದುವುದಿಲ್ಲ. ಇವರ ಭಯ ಚರ್ಮದ ಕ್ಯಾನ್ಸರ್, ಬಿಳಿ ಚರ್ಮಕ್ಕೆ ಅದು ನ್ಯಾಯವಾದ ಭಯವೇ. ನಮ್ಮ ಹೆಣ್ಣುಮಕ್ಕಳನ್ನು ಕಾಡುವುದು ಹೆಚ್ಚಾಗಿ ಬಂಗು. ಬಂಗು ಯುವಿಯಿಂದಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದಲೂ ಕಪ್ಪಾಗುತ್ತದೆ, ಎಸ್‌ಪಿಎಫ್ 50 ಎಂಬ ಸಂಖ್ಯೆ ಅದರ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ ಬೇಕಾದ್ದು ಐರನ್ ಆಕ್ಸೈಡ್ ಸೇರಿದ ಬಣ್ಣದ ಸನ್‌ಸ್ಕ್ರೀನ್. ಕಂದು ಮುಖದ ಮೇಲೆ ಸುಣ್ಣ ಬಳಿದಂತೆ ಕಾಣುವುದೂ ಅದರಿಂದ ತಪ್ಪುತ್ತದೆ. ತಂಗಿಗೆ ಕೊನೆಗೆ ಹೇಳಿದ್ದು ಇದನ್ನೇ, ಸುಗಂಧವಿಲ್ಲದ್ದನ್ನು ಹುಡುಕು ಎಂದು ಸೇರಿಸಿ.

ಹೊಸ ಟ್ಯೂಬನ್ನು ಮೊದಲೇ ಮುಖಕ್ಕೆ ಹಚ್ಚಬೇಡಿ. ಮುಂಗೈ ಒಳಭಾಗದಲ್ಲಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಿ. ಹಚ್ಚಿದ ಕೂಡಲೇ ಉರಿದು ತಣ್ಣಗಾದರೆ ಅದು ಬರೀ ಕಿರಿಕಿರಿ ಇರಬಹುದು. ಒಂದೆರಡು ದಿನ ಬಿಟ್ಟು ನವೆ, ಗುಳ್ಳೆ ಎದ್ದರೆ ಅಲರ್ಜಿ ಎಂದು ಅನುಮಾನಿಸಿ. ನೆರಳಲ್ಲಿ ಏನೂ ಆಗದೆ ಬಿಸಿಲಿಗೆ ಹೋದಾಗ ಮಾತ್ರ ಎದ್ದರೆ ಈ ಮನೆಪರೀಕ್ಷೆ ಸಾಲದು. ಚರ್ಮದ ಡಾಕ್ಟರ ಹತ್ತಿರ ಫೋಟೋಪ್ಯಾಚ್ ಪರೀಕ್ಷೆ, ಅಂದರೆ ಪದಾರ್ಥ ಹಚ್ಚಿದ ಜಾಗಕ್ಕೆ ಬೆಳಕು ಬಿಟ್ಟು ನೋಡುವ ಪರೀಕ್ಷೆ, ಎಲ್ಲಿ ಮಾಡುತ್ತಾರೆ ಎಂದು ಕೇಳಿ. ಹೋಗುವಾಗ ನೀವು ಹಚ್ಚುವ ಸನ್‌ಸ್ಕ್ರೀನ್, ಕ್ರೀಮು, ನೋವಿನ ಜೆಲ್ ಎಲ್ಲವನ್ನೂ ಡಬ್ಬಿ ಸಮೇತ ಒಯ್ಯಿರಿ.