ಪ್ರಾಂಶುಪಾಲರು ಎಷ್ಟು ಬಾಕಿ ಇದ್ದಾರೆ?

ಹೋದ ವರ್ಷದಿಂದ ನಮ್ಮ ಸಂಸ್ಥೆ ಡಿಜಿಟಲ್ ಆಗಿದೆ. ಆಗಿದೆ ಅಂದ್ರೆ ಆಗ್ಬಿಟ್ಟಿದೆ, ಜಾತ್ರೇಲಿ ಜೇಬು ಖಾಲಿ ಆದಂಗೆ, ಯಾವಾಗ ಆಯ್ತು ಅಂತ ಮನೆಗೆ ಬಂದ್ಮೇಲೇ ಗೊತ್ತಾಗೋದು. ಪಾವಗಡ ಕಡೆ ಹೆಣ್ಮಕ್ಕಳ ಸ್ವಸಹಾಯ ಸಂಘ ಕಟ್ಟಿ, ಬ್ಯಾಂಕ್ ಸಾಲ ಕೊಡ್ಸಿ, ಕುರಿ, ಹಸು, ಹೊಲಿಗೆ ಮಿಷನ್ನು ಅಂತ ನಾಲ್ಕು ಕಾಸು ದುಡಿಮೆಗೆ ದಾರಿ ಮಾಡೋ ಸಣ್ಣ ಸಂಸ್ಥೆ ನಮ್ದು. ನಾನು ಅಲ್ಲಿ ಅಕೌಂಟ್ಸ್ ನೋಡ್ಕೊಳ್ಳೋನು, ಜೊತೆಗೆ ಪ್ರಿಂಟರ್ ರಿಪೇರಿ, ಗೆಸ್ಟ್ ಬಂದ್ರೆ ಬಸ್ ಸ್ಟ್ಯಾಂಡಿಂದ ಬೈಕಲ್ಲಿ ಕರ್ಕೊಂಡ್ ಬರೋದು, ಈಗ ಹೊಸದಾಗಿ ‘ಡಿಜಿಟಲ್ ಟ್ರಾನ್ಸ್‌ಫರ್ಮೇಷನ್ ನೋಡಲ್ ಆಫೀಸರ್’. ಸಂಬಳ ಮಾತ್ರ ಒಂದೇ ಪೋಸ್ಟಿಂದು.

ಆಗಿದ್ದಿಷ್ಟು. ಒಂದು ಕಂಪನಿಯವ್ರು ಸಿಎಸ್‌ಆರ್ ದುಡ್ಡು ಕೊಡ್ತೀವಿ ಅಂತ ಬಂದ್ರು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜಕ್ಕೆ ಖರ್ಚು ಮಾಡ್ಬೇಕಲ್ಲ, ಹಂಗಾಗಿ ಮಾರ್ಚ್ ಹತ್ರ ಬಂದಂಗೆಲ್ಲ ಬಡವ್ರ ಮೇಲೆ ಪ್ರೀತಿ ಉಕ್ಕುತ್ತೆ. ನಿಮ್ಗೆ ಏನ್ ಬೇಕು ಅಂತ ಕೇಳಿದ್ರು. ನಾವು ಪೆದ್ದರು, ಬೇಕಾಗಿದ್ದನ್ನೇ ಹೇಳ್ಬಿಟ್ವಿ, ಲೆಕ್ಕ ಬರೆಯೋಕೆ ಇನ್ನೊಬ್ಬ ಹುಡುಗಿ, ಫೀಲ್ಡ್ ಸ್ಟಾಫ್‌ಗೆ ಪೆಟ್ರೋಲ್ ದುಡ್ಡು, ಒಂದು ಪ್ರಿಂಟರ್. ಬಂದಿದ್ದ ಮೇಡಂ ಮುಖ ಸಪ್ಪಗಾಯ್ತು. ‘ಅದೆಲ್ಲ ಓವರ್‌ಹೆಡ್ ಆಗುತ್ತೆ ಸರ್, ಏನಾದ್ರೂ ಟೆಕ್ನಾಲಜಿ ಹೇಳಿ, ಸ್ಕೇಲ್ ಆಗೋ ಥರದ್ದು’ ಅಂದ್ರು. ಮನುಷ್ಯ ಅಂದ್ರೆ ಓವರ್‌ಹೆಡ್ಡು, ಟ್ಯಾಬ್ ಅಂದ್ರೆ ಅಭಿವೃದ್ಧಿ. ನಲವತ್ತು ಟ್ಯಾಬ್ ಬಂತು, ಅದ್ರಲ್ಲಿ ಹಾಕೋಕೆ ಒಂದು ಆ್ಯಪ್ ಬಂತು, ಪ್ರಿಂಟರ್ ಇವತ್ತಿಗೂ ಬಂದಿಲ್ಲ.

(ಫಾರಿನ್ ದುಡ್ಡಿನ ಕತೆ ಕೇಳ್ಬೇಡಿ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ತಿದ್ದುಪಡಿ ಆದ್ಮೇಲೆ ಆಡಳಿತ ಖರ್ಚಿನ ಮಿತಿ 50ರಿಂದ 20 ಪರ್ಸೆಂಟಿಗೆ ಇಳೀತು, ಜೊತೆಗೆ ದೇಶದ ಯಾವ ಮೂಲೆ ಸಂಸ್ಥೆ ಆದ್ರೂ ದೆಹಲಿ ಸಂಸದ್ ಮಾರ್ಗದ ಎಸ್‌ಬಿಐ ಮುಖ್ಯ ಶಾಖೇಲೇ ಖಾತೆ ತೆಗೀಬೇಕು. ಪಾವಗಡದ ಕುರಿಗೆ ಬರೋ ದುಡ್ಡು ಮೊದ್ಲು ಪಾರ್ಲಿಮೆಂಟ್ ಏರಿಯಾ ಸುತ್ತಾಡ್ಕೊಂಡು ಬರುತ್ತೆ.)

ಆ್ಯಪ್ ಪೂರ್ತಿ ಕನ್ನಡದಲ್ಲಿದೆ ಅಂತ ಹೇಳಿದ್ರು, ಖುಷಿಯಾಯ್ತು. ಗುರುವಾರ ರಾತ್ರಿ ಎಂಟೂವರೆಗೆ, ಎಲ್ರೂ ಮುದ್ದೆ ಕೆಲ್ಸ ಮುಗ್ಸಿ ದೇವಸ್ಥಾನದ ಕಟ್ಟೆ ಹತ್ರ ಸೇರಿದ್ಮೇಲೆ ಓಪನ್ ಮಾಡಿದ್ವಿ. ಮೊದಲ್ನೇ ಪ್ರಶ್ನೆ, ‘ನಿಮ್ಮ ಆಸಕ್ತಿ ಎಷ್ಟು ಶೇಕಡಾ?’ ಅಮ್ಮಂದಿರು ಮುಖ ಮುಖ ನೋಡ್ಕೊಂಡ್ರು, ಒಬ್ರು ನಾಚ್ಕೊಂಡು ‘ನಂಗೆ ಟೈಲರಿಂಗಲ್ಲಿ ಆಸಕ್ತಿ ಐತೆ ಸಾರ್, ಪರ್ಸೆಂಟ್ ಗೊತ್ತಿಲ್ಲ’ ಅಂದ್ರು. ಇಂಗ್ಲಿಷಿನ ‘ಇಂಟರೆಸ್ಟ್’ ನೋಡಿ ಬಡ್ಡಿನ ಆಸಕ್ತಿ ಮಾಡಿದ್ದಾರೆ ಅಂತ ನಂಗೆ ಹೊಳೆಯೋಕೆ ಎರಡು ನಿಮಿಷ ಬೇಕಾಯ್ತು. ಎರಡನೇದು, ‘ಪ್ರಾಂಶುಪಾಲರು ಎಷ್ಟು ಬಾಕಿ ಇದ್ದಾರೆ?’ ಇದು ಅಸಲು. ಇಂಗ್ಲಿಷಲ್ಲಿ ಅಸಲಿಗೂ ಕಾಲೇಜ್ ಹೆಡ್ಡಿಗೂ ‘ಪ್ರಿನ್ಸಿಪಲ್’ ಅಂತ ಒಂದೇ ಹೆಸ್ರಲ್ಲ, ಮಿಷನ್ನು ಸೀದಾ ಕಾಲೇಜಿಗೆ ಹೋಗಿದೆ. ಅರ್ಧ ಊರು ಮನೇಲಿ ತೆಲುಗು ಮಾತಾಡೋರು, ಅವ್ರಿಗೆ ಈ ಕನ್ನಡ ನಾನು ಅನುವಾದ ಮಾಡಿ ಹೇಳ್ಬೇಕು, ನಂಗೆ ಯಾರು ಅನುವಾದ ಮಾಡ್ಬೇಕು?

ಆಮೇಲೆ ಓಟಿಪಿ. ಮನೆಗೊಂದೇ ಫೋನು, ಅದು ಗಂಡನ ಜೊತೆ ಬೆಂಗಳೂರಲ್ಲಿ ಟೆಂಪೋ ಓಡ್ಸ್ತಿರುತ್ತೆ. ಸಂಘದಲ್ಲಿ ಲೆಕ್ಕ ಬರೆಯೋ ಅಕ್ಕ ನನ್ನ ಫೋನಿಂದ ಕಾಲ್ ಮಾಡಿ ‘ರೀ, ಓಟಿಪಿ ಬಂದೈತಾ, ಹೇಳ್ರಿ’ ಅಂದ್ರೆ ಆ ಕಡೆಯಿಂದ ‘ಯಾರಿಗೂ ಓಟಿಪಿ ಹೇಳ್ಬಾರ್ದು ಅಂತ ಬ್ಯಾಂಕ್‌ನವ್ರೇ ಮೆಸೇಜ್ ಹಾಕವ್ರೆ, ನೀನ್ಯಾಕೆ ಕೇಳ್ತೀಯ, ಪಕ್ಕದಲ್ಲಿ ಯಾರವ್ರೆ’ ಅಂತ ವಿಚಾರಣೆ. ವಿಚಾರಣೆ ಮುಗಿಯೋಷ್ಟರಲ್ಲಿ ಓಟಿಪಿ ಟೈಮೂ ಮುಗಿದಿರುತ್ತೆ. ಇನ್ನು ಟ್ಯಾಬ್ ಚಾರ್ಜಿಂಗ್, ಅದನ್ನ ಹೇಳಿದ್ರೆ ನಗ್ತೀರ, 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇರೋ ತಾಲೂಕಲ್ಲಿ ಕರೆಂಟ್ ಬರ್ಲಿ ಅಂತ ಟ್ಯಾಬ್ ಹಿಡ್ಕೊಂಡು ಕೂತಿರ್ತೀವಿ.

ಆ ಅಕ್ಕನ ಲೆಕ್ಕದ ಪುಸ್ತಕ ಒಂದ್ಸಲ ನೋಡ್ಬೇಕು ನೀವು. ಉದ್ದನೆ ಲೆಡ್ಜರ್, ಮೂಲೆಗಳು ಮಡಚಿ ಮೆತ್ತಗಾಗಿವೆ, ಹೊದಿಕೆಗೆ ಹಳೇ ಕ್ಯಾಲೆಂಡರ್ ಹಾಳೆ. ಉಳಿತಾಯ, ಸಾಲ, ಬಡ್ಡಿ, ದಂಡ, ಎಲ್ಲಕ್ಕೂ ಸ್ಕೇಲಲ್ಲಿ ಗೆರೆ ಎಳೆದಿದ್ದಾರೆ. ಅಂಚಲ್ಲಿ ಪೆನ್ಸಿಲಲ್ಲಿ ಸಣ್ಣಕ್ಷರ: ‘ಎರಡು ಕುರಿ ಸತ್ತಿವೆ, ಯುಗಾದಿವರೆಗೆ ಕಂತು ಬೇಡ ಅಂತ ಎಲ್ಲರೂ ಒಪ್ಪಿದ್ದು.’ ಕೆಳಗೆ ಹದಿನಾಲ್ಕು ಸೈನು, ಮೂರು ಹೆಬ್ಬೆಟ್ಟು. ಆ್ಯಪಲ್ಲಿ ಕುರಿ ಸಾಯೋಕೆ ಜಾಗ ಇಲ್ಲ. ಕಂತು ಬಂತಾ, ಹಸಿರು, ಬರ್ಲಿಲ್ವಾ, ಕೆಂಪು. ಮಾರನೇ ವಾರ ಡೈರೆಕ್ಟರಿಗೆ ಮೇಲ್ ಬಂತು, ಈ ಸಂಘ ‘ಹೈ ರಿಸ್ಕ್’, ಕೂಡ್ಲೇ ಸಮಾಲೋಚನೆ ಮಾಡಿ ಅಂತ. ಕುರಿ ಜೊತೆನಾ?

1992ರಲ್ಲಿ ಕೃಷಿ, ಗ್ರಾಮೀಣ ಅಭಿವೃದ್ಧಿ ಬ್ಯಾಂಕ್ ನಬಾರ್ಡ್‌ನವ್ರು ಬರೀ 500 ಸಂಘಗಳನ್ನ ಬ್ಯಾಂಕಿಗೆ ಜೋಡಿಸೋ ಪ್ರಯೋಗ ಶುರು ಮಾಡಿದ್ರು, ಅದಕ್ಕೂ ಮುಂಚೆ ಎಂಬತ್ತರ ದಶಕದಲ್ಲೇ ನಮ್ಮ ಕರ್ನಾಟಕದಲ್ಲಿ ಮೈರಾಡಾ ಅನ್ನೋ ಸ್ವಯಂಸೇವಾ ಸಂಸ್ಥೆಯವ್ರು ಇಂಥ ಗುಂಪು ಕಟ್ಟಿದ್ರು. ಆಗಿದ್ದ ಟೆಕ್ನಾಲಜಿ ಅಂದ್ರೆ ಒಂದು ಪುಸ್ತಕ, ಒಂದು ತಗಡಿನ ಪೆಟ್ಟಿಗೆ, ಪೆಟ್ಟಿಗೆ ಒಬ್ರ ಮನೇಲಿ, ಕೀ ಇನ್ನೊಬ್ರ ಸೆರಗಲ್ಲಿ. ಇದನ್ನೇ ಈಗ ಟೂ ಫ್ಯಾಕ್ಟರ್ ಅಥೆಂಟಿಕೇಷನ್ ಅಂತ ಪವರ್‌ಪಾಯಿಂಟಲ್ಲಿ ತೋರ್ಸಿದ್ರೆ ಎರಡು ಸಲ ಫಂಡಿಂಗ್ ಬರುತ್ತೆ. ನಂಗೇನು ಕಂಪ್ಯೂಟರ್ ಮೇಲೆ ದ್ವೇಷ ಇಲ್ಲ, ಇಪ್ಪತ್ತು ಸಂಘದ ಲೆಕ್ಕ ಎಕ್ಸೆಲ್‌ಗೆ ಹಾಕಿ ಯಾರ ಬ್ಯಾಂಕ್ ಸಬ್ಸಿಡಿ ಎಲ್ಲಿ ಸಿಕ್ಕಾಕೊಂಡಿದೆ ಅಂತ ಹುಡುಕಿ ಕೊಡ್ಸಿದ್ದು ನಾನೇ. ಅದು ಹಳೇ ಲ್ಯಾಪ್‌ಟಾಪಲ್ಲಿ ಆಗಿದ್ದು, ಫೋಟೊ ತೆಗೆಯೋಕೆ ಚೆನ್ನಾಗಿರ್ಲಿಲ್ಲ, ಅದಕ್ಕೇ ವಾರ್ಷಿಕ ವರದೀಲಿ ಬರ್ಲಿಲ್ಲ.

ಫೋಟೊ ಅಂದ್ರೆ ನೆನಪಾಯ್ತು. ಪ್ರತಿ ಮೀಟಿಂಗಿಗೂ ಜಿಯೊಟ್ಯಾಗ್ ಫೋಟೊ, ಅಂದ್ರೆ ಎಲ್ಲಿ ತೆಗೆದಿದ್ದು ಅಂತ ಜಾಗನೂ ಹೇಳೋ ಫೋಟೊ, ಕಡ್ಡಾಯ. ನೆಟ್‌ವರ್ಕ್ ಸಿಗೋದು ವಾಟರ್ ಟ್ಯಾಂಕ್ ಹತ್ರ ಮಾತ್ರ, ಹಂಗಾಗಿ ಮೀಟಿಂಗ್ ಕಟ್ಟೆ ಹತ್ರ, ಫೋಟೊಗೆ ಎಲ್ರೂ ಟ್ಯಾಂಕ್ ಹತ್ರ ಮೆರವಣಿಗೆ. ಆಮೇಲಾಮೇಲೆ ಬೇಜಾರಾಗಿ ಹಳೇ ಫೋಟೊನೇ ಫೋಟೊ ಹೊಡೆದು ಹಾಕೋದು ಶುರುವಾಯ್ತು, ಇದೇನು ನಮ್ಮ ಸಂಶೋಧನೆ ಅಲ್ಲ ಬಿಡಿ. ನರೇಗಾದಲ್ಲಿ 2023ರ ಜನವರಿಯಿಂದ ಆ್ಯಪಲ್ಲೇ ಹಾಜರಿ, ದಿನಕ್ಕೆ ಎರಡು ಫೋಟೊ ಅಂತ ಮಾಡಿದ್ರು. 2025ರ ಜುಲೈಲಿ ಕೇಂದ್ರದ ಸಚಿವಾಲಯನೇ ರಾಜ್ಯಗಳಿಗೆ ಪತ್ರ ಬರೆದು, ಫೋಟೊಗಳ ಫೋಟೊ ಹಾಕ್ತಿದ್ದಾರೆ, ಸಂಬಂಧನೇ ಇಲ್ದಿರೋ ಫೋಟೊ ಹಾಕ್ತಿದ್ದಾರೆ, ಇನ್ಮೇಲೆ ಪಂಚಾಯ್ತೀಲಿ ಎಲ್ಲ ಫೋಟೊನೂ ಜನ ಕೂತು ಚೆಕ್ ಮಾಡ್ಬೇಕು ಅಂದ್ರು. ಮನುಷ್ಯರನ್ನ ನಂಬೋಕಾಗಲ್ಲ ಅಂತ ಮಿಷನ್ ತಂದು, ಮಿಷನ್ ಕಾಯೋಕೆ ಮತ್ತೆ ಮನುಷ್ಯರನ್ನ ಕೂರ್ಸೋದು.

ಮೊನ್ನೆ ಕಂಪನಿಯಿಂದ ಫೋನ್ ಬಂತು, ಅಭಿನಂದನೆ ಸರ್ ಅಂತ. ಡ್ಯಾಶ್‌ಬೋರ್ಡ್ ಪ್ರಕಾರ ನಮ್ಮ ತಾಲೂಕಿನ ಒಂದು ಸಂಘ ಎಲ್ಲದ್ರಲ್ಲೂ ನೂರಕ್ಕೆ ನೂರು, ಒಂದು ಮೀಟಿಂಗೂ ತಪ್ಪಿಲ್ಲ, ಒಂದು ಕಂತೂ ಲೇಟಿಲ್ಲ. ಯಾವ್ದಪ್ಪ ಅಂತ ನೋಡಿದ್ರೆ ‘ಟೆಸ್ಟ್ ಸಂಘ’. ಸದಸ್ಯರು ಟೆಸ್ಟ್ ಒಂದು, ಟೆಸ್ಟ್ ಎರಡು, ಹಿಂಗೇ ಟೆಸ್ಟ್ ಹತ್ತರವರೆಗೆ. ಆ್ಯಪ್ ಮಾಡಿದ ಹುಡುಗ್ರು ಡೆಮೋಗೆ ಅಂತ ಹಾಕಿದ್ದು, ತೆಗೆಯೋದು ಮರ್ತಿದ್ದಾರೆ. ಮ್ಯಾಪಲ್ಲಿ ನೋಡಿದ್ರೆ ಪಾವಗಡ ತಾಲೂಕಿನ ಅತ್ಯುತ್ತಮ ಸಂಘ ಇರೋದು ಬೆಂಗಳೂರಿನ ಎಚ್‌ಎಸ್‌ಆರ್ ಲೇಔಟಲ್ಲಿ. ಡೈರೆಕ್ಟರಿಗೆ ಹೇಳ್ದೆ. ಅವ್ರು ಐದು ನಿಮಿಷ ಸುಮ್ನೆ ಕೂತಿದ್ದು, ‘ಮುಂದಿನ ಬುಧವಾರ ಅವ್ರ ಎಂಡಿ ಬರ್ತಾರಂತೆ, ಸೆಕೆಂಡ್ ಫೇಸ್ ಫಂಡಿಂಗ್ ಕಣಯ್ಯ, ಹತ್ತು ಜನ ಅಮ್ಮಂದಿರನ್ನ ಒಂದೇ ಬಣ್ಣದ ಸೀರೇಲಿ ಹೊಂದಿಸು’ ಅಂದ್ರು.

ಹಂಗಾಗಿ ಲೆಕ್ಕದ ಅಕ್ಕನ ಹತ್ರನೇ ಹೋದೆ, ಬುಧವಾರ ಒಂದಿನ ಟೆಸ್ಟ್ ಸಂಘದವ್ರಾಗಿ ಕೂತ್ಕೊಳ್ಳಿ ಅಕ್ಕ ಅಂದೆ. ಅವ್ರು ಪುಸ್ತಕ ಮಡಚಿಟ್ಟು, ಕನ್ನಡಕ ತೆಗೆದು, ಪೂರ್ತಿ ಕೇಳಿಸ್ಕೊಂಡ್ರು.

‘ಆ ಸಂಘದಲ್ಲಿ ಯಾರೂ ಕಂತೇ ತಪ್ಪಿಸಲ್ವಾ ಸಾರ್?’

‘ಇಲ್ಲಕ್ಕ.’

‘ಹಂಗಾದ್ರೆ ದುಡ್ಡು ಚೆನ್ನಾಗಿರುತ್ತೆ. ನಮ್ಮೋರಿಗೆ ಅಲ್ಲಿಂದ ಕುರಿಗೊಂದು ಸಾಲ ಕೊಡ್ಸಿ, ಬುಧವಾರ ಎಲ್ರೂ ಬರ್ತೀವಿ.’